ಸೀಲಿನ ಬೆನ್ನಲ್ಲಿ ಬಂದ ಮೂಳೆ

ಬಹಳ ಹಿಂದೆ, ಚಳಿಗೆ ಕಡಲೇ ಹೆಪ್ಪುಗಟ್ಟಿ ನೆಲವಾಗುವ ಉತ್ತರದ ಸೀಮೆಯಲ್ಲಿ ಒಂದು ಊರಿತ್ತಂತೆ. ಆ ಊರಲ್ಲಿ ಉಲಾಯುಕ್ ಅನ್ನುವ ಹೆಂಗಸು ಇದ್ದಳಂತೆ. ಮೂಳೆ ಕೆತ್ತುವುದು ಗಂಡಸರ ಕೆಲಸ. ಇವಳು ಅಪ್ಪನ ಪಕ್ಕ ಕೂತು ನೋಡಿ ನೋಡಿಯೇ ಕಲಿತುಬಿಟ್ಟಿದ್ದಳು. ಅವಳು ಮಾಡಿದ ಗಾಳ ನೀರಿಗೆ ಬಿಟ್ಟರೆ ಮೀನುಗಳು ನಾ ಮುಂದು ತಾ ಮುಂದು ಅಂತ ಬರುತ್ತಿದ್ದವಂತೆ. ಇರಲಿ, ಹೇಳುವವರು ಒಂದಕ್ಕೆರಡು ಸೇರಿಸುತ್ತಾರೆ.

ಗಂಡ ಪನಿಯಾಕ್ ಬೇಟೆಯಲ್ಲಿ ಗಟ್ಟಿಗ, ಕೆತ್ತನೆಯಲ್ಲಿ ದಡ್ಡ. ಆ ಕಡೆ ಸೀಲ್ ಅನ್ನುವ ಕಡಲಪ್ರಾಣಿಯನ್ನು ಹೊಡೆಯುವ ಈಟಿಗೆ ಮೂಳೆಯ ಮೊನೆ. ಮೊನೆಯ ತೂತಿಗೆ ತೊಗಲಿನ ಹಗ್ಗ. ಮೊನೆ ನಾಟಿದ ಮೇಲೆ ಹಗ್ಗ ಹಿಡಿದು ಎಳೆಯುವುದು. ಪನಿಯಾಕ್ ಯಾವತ್ತೂ ತೂತನ್ನು ತೀರ ಅಂಚಿಗೆ ಕೊರೆದು ಮೂಳೆ ಸೀಳಿಸುತ್ತಿದ್ದ.

"ನಿನ್ ಕೈಗೆ ಮೂಳೆ ಕೊಟ್ರೆ ಸತ್ತ ಪ್ರಾಣಿ ಇನ್ನೊಂದ್ಸಲ ಸಾಯುತ್ತೆ, ಕೊಡು ಇಲ್ಲಿ" ಅಂತ ಅವಳು ಕಿತ್ತುಕೊಳ್ಳುತ್ತಿದ್ದಳಂತೆ. ಅವನ ಕೈಯ ಒಂದು ಮೊನೆಯನ್ನೂ ಬೇಟೆಗೆ ಹೋಗಗೊಡಲಿಲ್ಲ. ತಾನೇ ಕೆತ್ತಿ, ತಮ್ಮ ಮನೆಯ ಗುರುತು, ಎರಡು ಗೀರು ಒಂದು ಚುಕ್ಕಿ, ಹಾಕಿ ಕೊಡುತ್ತಿದ್ದಳು.

ಒಂದು ವಸಂತದಲ್ಲಿ ಪನಿಯಾಕ್ ನಿಂತಿದ್ದ ಮಂಜುಗಡ್ಡೆ ಬಿರುಕು ಬಿಟ್ಟು, ಬೇರೆಯಾಗಿ, ಅವನನ್ನು ಹೊತ್ತು ತೇಲಿಹೋಯಿತಂತೆ. ಹುಡುಕಿದರು. ಸಿಗಲಿಲ್ಲ.

ಆ ಸೀಮೆಯಲ್ಲಿ ಸತ್ತವರ ಹೆಸರನ್ನು ಹುಟ್ಟಿದ ಮಗುವಿಗೆ ಇಡುತ್ತಾರೆ. ಇಡುವವರೆಗೆ ಹೆಸರು ಚಳಿಯಲ್ಲಿ ಅಲೆಯುತ್ತದಂತೆ. ಮೈದುನನಿಗೆ ಮಗು ಹುಟ್ಟಿದಾಗ ಅತ್ತೆ ಬಂದು, ಪನಿಯಾಕ್ ಅಂತ ಕರೆಯೋಣ ಅಂದಳು. ಉಲಾಯುಕ್ ಒಪ್ಪಲಿಲ್ಲ. ಹೆಸರಿಟ್ಟ ಗಳಿಗೆಯೇ ಗಂಡ ಸತ್ತವನಾಗುತ್ತಾನಲ್ಲ. ನನ್ನ ಮಗನ ಹೆಸರನ್ನು ಗಾಳಿಗೆ ಬಿಟ್ಟೆಯಲ್ಲೇ ಅಂತ ಅತ್ತೆ ಅತ್ತಳಂತೆ. ಊರೆಲ್ಲ ಅತ್ತೆಯ ಕಡೆ. ಹೆಸರಿಲ್ಲದ ಮಗು ಅತ್ತಾಗೆಲ್ಲ ಉಲಾಯುಕ್ ಇನ್ನೂ ಜೋರಾಗಿ ಮೂಳೆ ಉಜ್ಜುತ್ತಿದ್ದಳಂತೆ. ಕೊನೆಗೆ ಸೋತು, ಈ ಸಲದ ಬೇಟೆ ಮುಗಿಯಲಿ, ಇಡಿ ಅಂದಳು.

ಆ ಬೇಟೆಯಲ್ಲೇ ಮೈದುನ ತಂದ ಸೀಲನ್ನು ಕೊಯ್ಯುವಾಗ ಅವಳ ಕತ್ತಿ ಅದರ ಬೆನ್ನಲ್ಲಿ ಏನಕ್ಕೋ ತಾಗಿತು. ಗಾಯ ಮಾಗಿ, ಮೇಲೆ ಕೊಬ್ಬು ಮುಚ್ಚಿತ್ತು. ಒಳಗೆ ಮೂಳೆಯ ಮೊನೆ, ಒಡ್ಡೊಡ್ಡಾಗಿ ಕೆತ್ತಿದ್ದು. ಎರಡು ಗೀರು, ಒಂದು ಚುಕ್ಕಿ. ತೂತು ತೀರ ಅಂಚಿಗೆ. ಅಲ್ಲೇ ಸೀಳಿ ಹಗ್ಗ ಜಾರಿದೆ.

"ಅತ್ತೆ, ಇದು ನಿಮ್ಮ ಮಗನದೇ ಕೈ. ಇಲ್ಲಿದ್ದಾಗ ಅವನು ಕೆತ್ತಿದ್ದು ಒಂದನ್ನೂ ನಾನು ಬೇಟೆಗೆ ಬಿಟ್ಟಿಲ್ಲ. ಎಲ್ಲೋ ದಡ ಸೇರಿದಾನೆ."

ಅತ್ತೆ ಆ ತೂತಿನ ಮೇಲೆ ಬೆರಳಾಡಿಸಿದಳಂತೆ. ಎದ್ದು ಹೋಗಿ, ಮಗುವಿಗೆ ತನ್ನ ಅಪ್ಪನ ಹೆಸರಿಟ್ಟಳಂತೆ.

ಆಮೇಲೆ ಉಲಾಯುಕ್ ಒಂದು ಚಂದದ ಮೊನೆ ಕೆತ್ತಿ, ಗುರುತು ಹಾಕಿ, ಬೇಕೆಂದೇ ತೂತನ್ನು ಅಂಚಿಗೆ ಕೊರೆದಳು. ತಾನೇ ಹೋಗಿ ಸೀಲಿಗೆ ಎಸೆದಳು. ಮೂಳೆ ಸೀಳಿತು, ಬರೀ ಹಗ್ಗ ಕೈಗೆ ಬಂತು, ಮೊನೆ ಹೊತ್ತುಕೊಂಡೇ ಸೀಲ್ ಮುಳುಗಿ ಹೋಯಿತು. ಹೊಟ್ಟೆಗಿಲ್ಲದ ದಿನ, ಊರವರು ಬೈದರು. ಅವನು ಹೇಳಿ ಕಳಿಸಿದ ಮೇಲೆ ನಾನು ಸುಮ್ಮನಿರಲಾ ಅಂದಳಂತೆ, ಅಷ್ಟೇ. ಬದುಕಿರುವವರೆಗೆ ಪ್ರತಿ ವಸಂತಕ್ಕೂ ಒಂದು ಮೊನೆ ಹೀಗೆ ಕಡಲಿಗೆ ಹೋಯಿತಂತೆ. ಆ ಕಡೆಯಿಂದ ಮತ್ತೆ ಬಂತೋ ಇಲ್ಲವೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇವತ್ತಿಗೂ ಆ ದಡದಲ್ಲಿ ಸೀಲನ್ನು ಎಳೆದು ತಂದರೆ, ಮನೆಯ ಹೆಂಗಸು ಮೊದಲು ಕೈಗವಸು ತೆಗೆದು, ಆ ಚಳಿಯಲ್ಲಿ ಬರಿಗೈಯಿಂದ ಅದರ ಬೆನ್ನನ್ನೆಲ್ಲ ತಡವುತ್ತಾಳಂತೆ. ನಿಧಾನಕ್ಕೆ, ಒತ್ತಿ ಒತ್ತಿ. ಎಷ್ಟೇ ಹಸಿವಿರಲಿ, ಕತ್ತಿ ಹಿಡಿದವರು ಅಲ್ಲಿಯವರೆಗೆ ಕಾಯುತ್ತಾರಂತೆ.