ದೇವರ ಗೂಡಿನಲ್ಲಿಟ್ಟ ಫೋನು

ಈ ಕತೆಯನ್ನು ಮೊದಲು ಹೇಳಿದವರು ಗುಳೇದಗುಡ್ಡದ ಸಂಗಯ್ಯ ಮಾಸ್ತರರು. ಅವರು ಹೇಳಿದ್ದು ಹೀಗೆ.

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಮೌನವ್ರತ ಹಿಡಿದಿದ್ದೇನೆ. ಹಗಲೆಲ್ಲ ಯಾರೊಡನೆಯೂ ಮಾತಿಲ್ಲ. ಆದರೂ ಸಂಜೆಯಾದರೆ ಮೈಯಲ್ಲಿ ತ್ರಾಣವಿರುವುದಿಲ್ಲ, ಮನೆಯವರ ಮೇಲೆ ಸಿಡುಕುತ್ತೇನೆ. ಮಾತೇ ಆಡದವನ ಶಕ್ತಿ ಎಲ್ಲಿ ಸೋರುತ್ತದೆ?"

ಈ ಪ್ರಶ್ನೆಯನ್ನು ಅವನು ಮೊದಲೂ ಕೇಳಿದ್ದ. ಗುರುಗಳು ಹಣೆ ಒತ್ತಿಕೊಂಡು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ತಾಯಿ ಊರವರ ಜೊತೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟಳು. ಮಂಡಿ ನೋವಿನ ಮುದುಕಿ. ಬೇಡವೆಂದರೆ ಕೇಳಲಿಲ್ಲ. "ಕಾಲು ಸೋತರೆ ಸಂಜೆ ತಂಗಿದಲ್ಲಿಂದ ಯಾರದಾದರೂ ಫೋನಿನಲ್ಲಿ ತಿಳಿಸುತ್ತೇನೆ, ಗಾಡಿ ತಗೊಂಡು ಬಾ" ಎಂದಳು.

ಮನೆಯಲ್ಲಿದ್ದುದು ಒಂದೇ ಫೋನು. ತಾಯಿಯ ಕರೆ ತಪ್ಪಬಾರದೆಂದು ನೇಕಾರ ಅದನ್ನು ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿ, ವಿಭೂತಿ ಹಚ್ಚಿ, ಒಳಕೋಣೆಯ ಗೋಡೆಯಲ್ಲಿದ್ದ ದೇವರ ಗೂಡಿನಲ್ಲಿಟ್ಟ. ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ. ಸಂಜೆ ತೆಗೆದು ನೋಡಿದರೆ ಫೋನು ಸತ್ತಿತ್ತು. ಮರುದಿನವೂ ಅದೇ ಕತೆ.

"ಯಾರು ಮುಟ್ಟಿದ್ದು?" ಎಂದು ಹೆಂಡತಿಯ ಮೇಲೆ ಹರಿಹಾಯ್ದ.

"ನಾನಂತೂ ಮುಟ್ಟಿಲ್ಲ. ದೇವರೇ ಕೂತು ವಿಡಿಯೋ ನೋಡ್ತಿರಬೇಕು, ಅವನನ್ನೇ ಕೇಳ್ರಿ" ಎಂದಳು ಅವಳು.

ಹಾಳು ಬ್ಯಾಟರಿ ಎಂದು ಬೈದು ಹೊಸದನ್ನು ಹಾಕಿಸಿದ. ಅದೂ ಸಂಜೆಗೆ ಬರಿದಾಯಿತು. ನಡುನಡುವೆ ಗೂಡಿಗೆ ಇಣುಕಿ ನೋಡಿದ. ತೊಂಬತ್ತಿದ್ದದ್ದು ಅರವತ್ತು, ಅರವತ್ತಿದ್ದದ್ದು ಇಪ್ಪತ್ತು. ಎಷ್ಟು ಉಳಿದಿದೆ ಎಂದು ಅಂಕಿ ಹೇಳುತ್ತಿತ್ತು. ಎಲ್ಲಿ ಹೋಯಿತು ಎಂದು ಹೇಳುತ್ತಿರಲಿಲ್ಲ. ತಾಯಿ ಎಲ್ಲಿ ಬಿದ್ದಿದ್ದಾಳೋ ಎಂದು ಅವನಿಗೆ ಮಗ್ಗದ ಮುಂದೆ ಕೈಯೇ ಓಡಲಿಲ್ಲ.

ಕೊನೆಗೆ ಫೋನು ಹಿಡಿದು, ಬ್ಯಾಟರಿ ಹಾಕಿಸಿದ್ದ ರಿಪೇರಿ ಅಂಗಡಿಗೆ ಹೋಗಿ ಜಗಳ ತೆಗೆದ. ಅಂಗಡಿಯವನಿಗೂ ಬೇಸರ ಬಂದಿತ್ತು. ಫೋನನ್ನು ಚಾರ್ಜಿಗೆ ಹಾಕಿ, ಬ್ಯಾಟರಿಯ ಖರ್ಚು ತೋರಿಸುವ ಪುಟ ತೆರೆದ. ಪರದೆಯ ಖರ್ಚು ಇಲ್ಲವೆಂಬಷ್ಟು. ಮಾತಿನ ಖರ್ಚು ಸೊನ್ನೆ. ಉಳಿದದ್ದೆಲ್ಲ ನೆಟ್‌ವರ್ಕಿನ ಲೆಕ್ಕಕ್ಕೆ.

"ಇದನ್ನ ಎಲ್ಲಿಡ್ತೀಯಪ್ಪ?"

"ದೇವರ ಗೂಡಿನಾಗ."

"ಗೋಡೆ ಎಂಥಾದ್ದು?"

"ಕಲ್ಲಿಂದು. ನಮ್ಮಜ್ಜ ಕಟ್ಟಿಸಿದ್ದು, ಮೊಳದಷ್ಟು ದಪ್ಪ ಐತಿ."

ಅಂಗಡಿಯವನು ತಲೆ ಚಚ್ಚಿಕೊಂಡ. "ಅಲ್ಲೋ ಮಾರಾಯ, ಅಲ್ಲಿ ಟವರ್ ಸಿಗೂದಿಲ್ಲ. ಸಿಗದಿದ್ದರ ಇದು ಸುಮ್ಮನ ಕೂರೂದಿಲ್ಲ. ಹುಡುಕ್ತದ, ಕೂಗ್ತದ, ಮತ್ತ ಹುಡುಕ್ತದ. ನೀ ಮುಟ್ಟದಿದ್ದರೂ ಅದು ಕೂಗಿ ಕೂಗಿ ಸಾಯ್ತದ. ಮೊದಲು ಹೊರಗಿಡು!"

ಅವನ ಮಾತು ಮುಗಿಯುವ ಮೊದಲೇ ಫೋನು ಬಡಿದುಕೊಂಡಿತು. ನೇಕಾರ ಎತ್ತಿದ.

"ಏ ಮಗನ!" ತಾಯಿಯ ದನಿ ಅಂಗಡಿಗೆಲ್ಲ ಕೇಳಿತು. "ಊರು ಬಿಟ್ಟು ಹೊಂಟಾಕಿ ನಾನೋ, ನೀನೋ? ದಿನಾ ಸಂಜಿಗೆ ಫೋನ್ ಮಾಡೀನಿ. ಆ ಹೆಣ್ಣು ಒಮ್ಮೆ ನೀ ವ್ಯಾಪ್ತಿ ಪ್ರದೇಶದ ಹೊರಗ ಅದೀ ಅಂತಾಳ, ಒಮ್ಮೆ ಸ್ವಿಚ್ ಆಫ್ ಅಂತಾಳ! ಕಾಲು ಬಾತು ಕಂಬ ಆದರೂ ಕುಂಟಿಕೋತ ನಡದೀನಿ. ಈಗರ ಗಾಡಿ ತಗೊಂಡು ಬರ್ತೀಯೋ, ಇಲ್ಲೋ?"

"ಬಂದೆ ಯವ್ವಾ" ಎಂದು ನೇಕಾರ, ಎಲ್ಲಿ ತಂಗಿದ್ದಾಳೆಂದು ಕೇಳಿಕೊಂಡು, ಅಂಗಡಿಯಿಂದಲೇ ಓಡಿದ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಇನ್ನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಬಾಯಿ ಮುಚ್ಚಿದ್ದೀಯ, ಸರಿ, ಒಳಗೆ ಹಗಲೆಲ್ಲ ಯಾರನ್ನು ಕೂಗುತ್ತಿದ್ದೀಯ?"

ಶಿಷ್ಯ ತಲೆ ತಗ್ಗಿಸಿದ.

ಕೇಳಿದವರು ಇದನ್ನು ಇನ್ನೊಬ್ಬರಿಗೆ ಹೇಳಿರಿ. ದೂರದವರಿಗೆ ಹೇಳುವುದಾದರೆ, ಫೋನು ಹಿಡಿದು ಅಂಗಳಕ್ಕೆ ಬಂದು ಹೇಳಿರಿ.