ನೀರಗಂಟಿಯ ಅಂಗಳದ ಕೆರೆ

"ಗುರುಗಳೇ," ಎಂದು ಶಿಷ್ಯ ಸಂಗಯ್ಯ ಕೇಳಿದ, "ವಿಜ್ಞಾನಿಗಳು ಗಾಳಿ, ಕಡಲು, ಬಿಸಿಲುಗಳ ನಿಯಮ ಹಿಡಿದು ಕಂಪ್ಯೂಟರಿನಲ್ಲಿ ಭೂಮಿಯದೊಂದು ಪುಟ್ಟ ಮಾದರಿ ಮಾಡುತ್ತಾರಂತೆ. ಮುಂದೆ ಎಷ್ಟು ಸೆಕೆಯಾಗುತ್ತದೆ, ಮಳೆ ಹೇಗೆ ಬದಲಾಗುತ್ತದೆ ಎಂದು ಅದನ್ನು ನೋಡಿ ಹೇಳುತ್ತಾರಂತೆ. ಮಾದರಿಯೇನು ಭೂಮಿಯಲ್ಲವಲ್ಲ. ನಂಬುವುದು ಹೇಗೆ?"

ಗುರುಗಳು ನಕ್ಕರು. "ನಿನಗೆ ಎಲ್ಲವೂ ಇದ್ದಷ್ಟೇ ದೊಡ್ಡದಾಗಿ ಬೇಕು. ಕೂತುಕೋ" ಎಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೀರಗಂಟಿಯಿದ್ದ. ಕೆರೆಯ ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಆ ಊರಿನ ರೈತರಿಗೆ ಒಂದು ಅಭ್ಯಾಸ. ಕೆರೆ ತುಂಬಿದಾಗ ಹೆಚ್ಚಾದ ನೀರು ಹರಿದುಹೋಗುವ ಕೋಡಿಯ ಮೇಲೆ ಪ್ರತಿ ಬೇಸಿಗೆಯಲ್ಲೂ ಒಂದು ಸಾಲು ಕಲ್ಲು ಏರಿಸುತ್ತಿದ್ದರು. ಕೋಡಿ ಎತ್ತರವಾದಷ್ಟೂ ಕೆರೆಯಲ್ಲಿ ನೀರು ಹೆಚ್ಚು ನಿಲ್ಲುತ್ತಿತ್ತು. ಎಲ್ಲರಿಗೂ ಖುಷಿ. ನೀರಗಂಟಿಗೆ ಮಾತ್ರ, ಅಷ್ಟು ನೀರಿನ ಭಾರಕ್ಕೆ ಮಣ್ಣಿನ ಏರಿ ಒಡೆದೀತೆಂದು, ಅದರ ಕೆಳಗಿನ ಕೇರಿಯದೇ ಚಿಂತೆ. ಒಬ್ಬಳೇ ಮಗಳನ್ನು ಅಲ್ಲಿಗೆ ಕೊಟ್ಟಿದ್ದ. ಅವಳ ಮಡಿಲಲ್ಲಿ ಹಸುಗೂಸಿತ್ತು.

ಅವನು ಅಂಗಳದಲ್ಲಿ ಪುಟ್ಟದೊಂದು ಕೆರೆ ಕಟ್ಟಿದ. ಮೊದಲು ಕುಂಬಾರರ ಜೇಡಿಮಣ್ಣಿನಲ್ಲಿ ಕಟ್ಟಿದ್ದ. ಎಷ್ಟು ನೀರು ಹೊಯ್ದರೂ ಏರಿ ಅಲುಗಲಿಲ್ಲ. ತಪ್ಪು ತಿಳಿದು, ದೊಡ್ಡ ಕೆರೆಯ ಏರಿಯದೇ ಮಣ್ಣು ತಂದು ಮತ್ತೆ ಕಟ್ಟಿದ. ಹೋದ ವರ್ಷದ ಮಳೆಗೆ ತಕ್ಕಷ್ಟು ನೀರು ಹೊಯ್ದು ನೋಡಿದ. ಅಲ್ಲಿ ನೀರು ಎಲ್ಲಿಯವರೆಗೆ ಏರಿತ್ತೋ ಇಲ್ಲಿಯೂ ಅಲ್ಲಿಯವರೆಗೇ ಏರಿತು. ಆಮೇಲೆ ಕೋಡಿಗೆ ಈ ವರ್ಷದ ಕಲ್ಲನ್ನೂ ಇಟ್ಟು, ಜೋರು ಮಳೆಯಷ್ಟು ಹೊಯ್ದ. ಏರಿ ಕೇರಿಯ ಕಡೆಗೆ ಒಡೆಯಿತು. ಕರೆದು ತೋರಿಸಿದರೆ ಊರಿನವರು, ಮುದುಕನಿಗೆ ಮಕ್ಕಳಾಟ ಹತ್ತಿದೆ ಎಂದು ನಕ್ಕು ಹೋದರು.

ಮಗಳು ಕೂಸನ್ನೆತ್ತಿಕೊಂಡು ಬಂದಳು. ಕೇರಿಯ ಮನೆಗಳ ಜಾಗದಲ್ಲಿ ಅಪ್ಪ ಮತ್ತೆ ಜೋಡಿಸಿಟ್ಟಿದ್ದ ಮಣ್ಣಿನ ಉಂಡೆಗಳನ್ನು ನೋಡಿದಳು.

"ಅಪ್ಪಾ, ಇದ್ರಾಗೆ ನಮ್ಮನೆ ಎಲ್ಲೈತೆ?"

"ಇಡಾಕೆ ಮನಸ್ಸು ಬರ್ಲಿಲ್ಲ ಕಣವ್ವಾ."

ಅವಳು ತಾನೇ ಒಂದು ಉಂಡೆ ಮಾಡಿ ತನ್ನ ಮನೆಯಿರುವ ಕಡೆ ಇಟ್ಟಳು. ಒಡೆದ ಏರಿಯನ್ನು ಸರಿಮಾಡಿ, ಇನ್ನೊಮ್ಮೆ ಹೊಯ್ಯಿ ಎಂದಳು. ಅಪ್ಪ ಮುಖ ತಿರುಗಿಸಿಕೊಂಡು ಹೊಯ್ದ. ಅವಳ ಉಂಡೆ ಎಲ್ಲಕ್ಕಿಂತ ಮೊದಲು ಕೊಚ್ಚಿಹೋಯಿತು.

ಕೋಡಿ ಇಳಿಸಿದರೆ ನೀರು ಸಾಲದೆ ಮೊದಲು ಒಣಗುವುದು ಕಾಲುವೆಯ ಕೊನೆಯಲ್ಲಿರುವ ತನ್ನ ಗಂಡನ ಗದ್ದೆಯೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಕೂಸನ್ನು ಅಪ್ಪನ ಕೈಗೆ ಕೊಟ್ಟು ಕೆರೆಗೆ ಹೋದಳು, ಸೆರಗು ಕಟ್ಟಿ ಕೋಡಿಯ ಮೇಲಿನ ಕಲ್ಲು ಎತ್ತತೊಡಗಿದಳು. ಬಾಣಂತನ ಮುಗಿಸಿ ಎದ್ದ ಹೆಣ್ಣುಮಗಳು ಒಬ್ಬಳೇ ಹೆಣಗುವುದನ್ನು ನೋಡಲಾಗದೆ ಒಬ್ಬೊಬ್ಬರೇ ಬಂದು ಕೈಹಾಕಿದರು. ನಕ್ಕವರೂ ಬಂದರು. ಸಂಜೆಯೊಳಗೆ ಕೋಡಿ ಹಳೆಯ ಮಟ್ಟಕ್ಕೆ ಇಳಿಯಿತು. ಆ ವರ್ಷ ಯಾರೂ ಕಾಣದಂಥ ಮಳೆ ಬಂತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಸಂಗಯ್ಯನಿಗೆ ತಡೆಯಲಾಗಲಿಲ್ಲ.

"ಏರಿ ಒಡೆಯಿತೇ?"

"ಇಲ್ಲ."

"ಹಾಗಾದರೆ ಅಂಗಳದ ಕೆರೆ ಹೇಳಿದ್ದು ಸುಳ್ಳಾಯಿತಲ್ಲ ಗುರುಗಳೇ?"

ಗುರುಗಳು ಅವನ ತಲೆ ನೇವರಿಸಿ ಹೇಳಿದರು: "ಸುಳ್ಳಾಗಲಿ ಎಂದೇ ಅಲ್ಲವೇ ಮಗು, ಅವನು ಅದನ್ನು ಕಟ್ಟಿದ್ದು?"