ಜಗಲಿ ದಾಟದ ಚಿಕ್ಕತಾಯಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮ ಚರ್ಚಿಗೆ ಇನ್ನೂ ಹೆಂಚು ಬಂದಿರಲಿಲ್ಲ, ಗಂಟೇನ ಹುಣಸೇಮರಕ್ಕೆ ಕಟ್ಟಿದ್ರಂತೆ, ಆ ಕಾಲದಲ್ಲಿ ಚರ್ಚ್ ಬೀದೀಲಿ ಇನ್ನಾಸಮ್ಮ ಅಂತ ಒಬ್ಬಳು ತಾಯಿ ಇದ್ದಳಂತೆ. ಕಾಲು ಒದೀಬೇಡ ಮಗಾ, ಕಂಬಳಿ ಹೊದ್ಕೊ, ಹೂಂ ಅಂತಿರು. ಆಕೆಗೆ ಮೂರು ಮಕ್ಕಳು, ದೊಡ್ಡೋನು ಚೌರಿ, ನಡುವಿನೋನು ಅರುಳ, ಕೊನೇಯೋಳು ಪಿಲೋಮಿ. ಇನ್ನಾಸಮ್ಮನ ಕೈ ದೊಡ್ಡದು, ಮನೆಗೆ ಬಂದೋರನ್ನ ಬರಿಗೈಲಿ ಕಳಿಸಿದೋಳೇ ಅಲ್ಲ. ಆದ್ರೆ ಎಂಥಾ ಒಳ್ಳೇಯೋರ ಬುದ್ಧಿಗೂ ಒಂದೊಂದ್ಸಲ ಮಂಕು ಕವಿಯುತ್ತೆ ನೋಡು.

ಆ ಊರಲ್ಲಿ ಒಂದು ಪದ್ಧತಿ ಇತ್ತಂತೆ. ಮೇಲುಬೀದಿಯೋರು ಚರ್ಚ್ ಬೀದೀಲಿ ಬೇಯಿಸಿದ್ದು ತಿನ್ನೋರಲ್ಲ, ನೀರೂ ಕುಡಿಯೋರಲ್ಲ. ಅದಕ್ಕೇ ಕ್ರಿಸ್‌ಮಸ್ ಬಂದ್ರೆ ಇವರು ಅವರ ಮನೆಗಳಿಗೆ ಪಡಿ ಕಳಿಸೋರು, ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲ್ಲಾ ಹಸೀದು, ನೀವೇ ಬೇಯಿಸ್ಕೊಂಡು ತಿನ್ನಿ ಅಂತ. ಯುಗಾದಿಗೆ ಅವರಿಂದಲೂ ಹಾಗೇ ಬರೋದು. ಜಗಳ ಇಲ್ಲ, ಮುನಿಸಿಲ್ಲ, ನಗ್ತಾ ನಗ್ತಾನೇ ನಡೀತಿತ್ತು, ಯಾಕೆ ಹೀಗೆ ಅಂತ ಕೇಳೋ ಬಾಯಿ ಮಾತ್ರ ಯಾರಿಗೂ ಇರಲಿಲ್ಲವಂತೆ.

ಆ ಮೇಲುಬೀದೀಲಿ ಎಣ್ಣೆಗಾಣದ ಮನೆಯ ಚಿಕ್ಕತಾಯಿ ಅನ್ನೋ ಹುಡುಗಿ ಪಿಲೋಮಿಗೆ ಜೀವದ ಗೆಳತಿ. ತಾಯಿ ಇಲ್ಲದ ಕೂಸು, ಮನೇಲಿ ಇದ್ದದ್ದು ತಾತ ಒಬ್ಬ, ಗಾಣದ ಎತ್ತು ಒಂದು. ಆ ಕೂಸಿಗೆ ಒಂದೇ ಒಂದು ಆಸೆಯಂತೆ, ಪಿಲೋಮಿ ಪಕ್ಕ ಒಲೆ ಮುಂದೆ ಕೂತು, ಅವಳವ್ವನ ಕೈಯಿಂದ ಬಿಸೀದೊಂದು ತುತ್ತು ತಿನ್ನಬೇಕು ಅಂತ.

ಮೊದಲನೇ ಸಲ ಬಂದದ್ದು ಕ್ರಿಸ್‌ಮಸ್ ಹಿಂದಿನ ದಿನ. ಇನ್ನಾಸಮ್ಮ ಕಜ್ಜಾಯ ಕರೀತಿದ್ದಳು, ಬೀದಿ ತುಂಬಾ ಬೆಲ್ಲದ ಘಮಘಮ. ಪಿಲೋಮಿ ಗೆಳತಿ ಕೈ ಹಿಡಕೊಂಡು ಓಡಿ ಬಂದಳು. ಇನ್ನಾಸಮ್ಮ ನೋಡಿದೋಳೇ ಗಾಬರಿಯಾಗಿ, ಅಯ್ಯೋ, ಮೇಲುಬೀದಿ ಮಗು, ನಾವು ಬೇಯಿಸಿದ್ದು ತಿಂದು ಅವರ ತಾತನ ಹತ್ರ ಏಟು ತಿಂದ್ರೆ ಏನ್ಗತಿ ಅಂದ್ಕೊಂಡು, ಜಗಲಿ ಮೇಲೆ ಹೊಸ ಚಾಪೆ ಹಾಸಿ, ಒಳ್ಳೇ ರಸಬಾಳೆ ಹಣ್ಣು ತಂದಿಟ್ಟು, ತಿನ್ನು ಮಗಾ ಅಂದಳಂತೆ. ಚಿಕ್ಕತಾಯಿ ಸಿಪ್ಪೆ ಸುಲಿದು ಹಣ್ಣು ತಿಂದಳು. ಕಣ್ಣು ಮಾತ್ರ ಬಾಗಿಲಾಚೆ ಕಡಾಯಿ ಮೇಲೇ ಇತ್ತಂತೆ.

ಆಮೇಲೆ ಎರಡನೇ ಸಲ, ಬಿರುಬೇಸಿಗೇಲಿ ಹೊಂಗೆಬೀಜ ಆರಿಸ್ಕೊಂಡು ಬಾಯಾರಿ ಬಂದಳು. ಅವ್ವಾ, ಒಂದು ಲೋಟ ನೀರು ಅಂದಳು. ಗುಡಾಣದಲ್ಲಿ ತಣ್ಣಗೆ ನೀರಿತ್ತು. ಆದ್ರೆ ಈಯಮ್ಮ, ಎಲ್ಲಾದ್ರೂ ಉಂಟಾ, ನಿನಗೆ ನಮ್ಮನೆ ನೀರು ಕೊಡ್ತೀನಾ, ಇರು ಮಗಾ ಅಂತ ಜಗಲೀಲಿ ಕೂರಿಸಿ, ಚೌರೀನ ತೆಂಗಿನಮರ ಹತ್ತಿಸಿದಳಂತೆ. ಅವನು ಹತ್ತಿ, ಕಿತ್ತು, ಇಳಿದು, ಕೆತ್ತಿ ಕೊಡೋ ಹೊತ್ತಿಗೆ ಹುಡುಗಿ ತುಟಿ ಒಣಗಿ ಹೋಗಿತ್ತು. ಎಳನೀರು ಕುಡಿದು, ತಲೆ ತಗ್ಗಿಸ್ಕೊಂಡು ಹೋದಳು. ಇನ್ನಾಸಮ್ಮ ಅವತ್ತು ಸಂಜೆ ಜಪಸರ ಹಿಡಿದು, ದೇವಮಾತೆ ಮುಂದೆ, ತಾಯೀ, ಇನ್ನೊಬ್ಬರ ಮಗೂನ ಎಷ್ಟು ಮರ್ಯಾದೇಲಿ ನೋಡ್ಕೊಂಡೆ ನೋಡು ಅಂದಳಂತೆ. ಪಾಪ, ಮರ್ಯಾದೆ ಬೇರೆ, ಮಮತೆ ಬೇರೆ ಅಂತ ಅವಳಿಗೆ ಹೊಳೀಲಿಲ್ಲ.

ಮೂರನೇ ಸಲ ಬಂದಾಗ ಚಿಕ್ಕತಾಯಿಗೆ ಮದುವೆ ಗೊತ್ತಾಗಿತ್ತು. ಹೊಳೆಯಾಚೆ ದೂರದೂರಿಗೆ ಕೊಟ್ಟಿದ್ದರು, ಬೆಳಗಾದ್ರೆ ಗಾಡಿ ಹೊರಡಬೇಕು. ಸಂಜೆ ಒಬ್ಬಳೇ ಬಂದು, ಹೊಸಿಲ ಹತ್ರ ನಿಂತು, ಅವ್ವಾ, ಒಳಗೆ ಬರ್ಲಾ ಅಂದಳಂತೆ. ಇನ್ನಾಸಮ್ಮ ಅಡುಗೆಮನೆಯಿಂದಲೇ, ನೀನ್ಯಾಕೆ ಮಗಾ ಒಳಗೆ, ಅಲ್ಲೇ ಕೂತಿರು, ನಾನೇ ಬಂದೆ ಅಂತ ಕೂಗಿ, ತಟ್ಟೆಗೆ ಎಲೆ ಅಡಿಕೆ, ಬಳೆ, ರವಿಕೆ ಕಣ, ತೆಂಗಿನಕಾಯಿ ಎಲ್ಲ ಜೋಡಿಸ್ಕೊಂಡು ಹೊರಗೆ ಬಂದಳು. ನೋಡ್ತಾಳೆ, ಜಗಲೀಲಿ ಯಾರೂ ಇಲ್ಲ.

ಆಗ ಹಿತ್ತಲಿಂದ ಬಂದ ಪಿಲೋಮಿ ಖಾಲಿ ಜಗಲಿ ನೋಡಿ ಅತ್ತಳಂತೆ, ಎಂಥಾ ಅಳು ಅಂತೀಯ! ಅವ್ವಾ, ಅವಳಿಗೆ ನಿನ್ನ ಕಾಯಿ ಬೇಡವಾಗಿತ್ತು, ನಿನ್ನ ಒಲೆ ಬೇಕಾಗಿತ್ತು, ಅವಳ ತಾತ ಯಾವಾಗಲೋ ಹೇಳಿದ್ದ, ತಾಯಿಲ್ಲದ ಕೂಸು, ಎಲ್ಲಿ ಕರುಳು ಸಿಗುತ್ತೋ ಅಲ್ಲಿ ಉಣ್ಣು ಹೋಗು ಅಂತ. ಇನ್ನಾಸಮ್ಮ ತಟ್ಟೇನ ಜಗಲಿ ಮೇಲೇ ಇಟ್ಟುಬಿಟ್ಟಳು. ಮೊದಲೇ ಯಾಕೆ ಹೇಳಲಿಲ್ಲವೇ ಅಂದಳು. ಕೇಳಿ ತಿಂದ್ರೆ ಭಿಕ್ಷೆ ಆಗುತ್ತೆ, ಅವ್ವ ತಾನಾಗೇ ಕರೀಲಿ ಅಂತ ನನ್ನ ಬಾಯಿಗೆ ಬೀಗ ಹಾಕಿದ್ದಳು ಅಂದಳಂತೆ ಪಿಲೋಮಿ.

ಕಜ್ಜಾಯದ ಹಿಟ್ಟು ಗೊತ್ತಲ್ಲ ಮಗಾ, ಇವತ್ತು ಕಲಸಿ ಇವತ್ತೇ ಕರಿಯೋಕಾಗಲ್ಲ, ಅಕ್ಕಿ ನೆನೀಬೇಕು, ಪಾಕ ಕೂಡ್ಕೋಬೇಕು, ಹದಕ್ಕೆ ಬರೋಕೆ ದಿನ ಹಿಡಿಯುತ್ತೆ. ಅದಕ್ಕೇ ಇನ್ನಾಸಮ್ಮ ಕೋಳಿ ಕೂಗೋ ಮುಂಚೆ ಎದ್ದು, ಅಕ್ಕಿರೊಟ್ಟಿ ತಟ್ಟಿ, ತುಪ್ಪ ಸವರಿ, ಬಟ್ಟೇಲಿ ಸುತ್ಕೊಂಡು, ಚಪ್ಪಲಿ ಮೆಟ್ಟೋದೂ ಮರೆತು ಹೊಳೆ ದಾರೀಲಿ ಓಡಿದಳಂತೆ. ಗಾಡಿ ಆಚೆ ದಡ ಹತ್ತಿ ಹೋಗಿತ್ತು. ಚಿಕ್ಕತಾಯೀ ಅಂತ ಕೂಗಿದ್ದು ನೀರಿಗೆ ಕೇಳಿಸ್ತು, ಅವಳಿಗೆ ಕೇಳಿಸಲಿಲ್ಲ. ರೊಟ್ಟಿ ಕೈಯಲ್ಲೇ ತಣ್ಣಗಾಯ್ತು.

ಅವತ್ತಿಂದ ಆ ಮನೇಲಿ ಕಜ್ಜಾಯದ ಹಿಟ್ಟಿನ ಜಾಡಿ ಖಾಲಿ ಆಗಲಿಲ್ಲವಂತೆ. ಚೌರಿ ಗೆಳೆಯರು, ಅರುಳನ ಗೆಳೆಯರು, ಯಾವ ಬೀದಿ ಮಕ್ಕಳೇ ಬರಲಿ, ಒಳಗೆ ಬನ್ರೋ ಅಂತ ಇನ್ನಾಸಮ್ಮ ಹೊಸಿಲಿಗೇ ಬಂದು ಕರೆಯೋಳು. ನಮ್ಮನೇಲಿ ತಿಂತೀಯಾ ಮಗಾ ಅಂತ ಬಾಯಿಬಿಟ್ಟು ಕೇಳೋಳು. ಬೇಡ ಅಂದೋರಿಗೆ ಹಣ್ಣು, ಹೂಂ ಅಂದೋರಿಗೆ ಒಲೆ ಪಕ್ಕದ ಮಣೆ. ಒಲೆ ಸುತ್ತ ಒಂದೇ ಗಲಾಟೆ, ಮೀನುಸಾರಿಗೆ ಕಿತ್ತಾಟ, ನೆಲದ ತುಂಬಾ ಕೆಸರುಕಾಲು. ಊರೆಲ್ಲ ಹೊಗಳೋರು. ಆದ್ರೆ ಜಗಲೀಲಿ ಹೆಜ್ಜೆ ಸಪ್ಪಳ ಆದಾಗೆಲ್ಲ ಆಯಮ್ಮನ ಕೈಯ ಸೌಟು ನಿಲ್ಲೋದಂತೆ. ಹೊಗಳಿಕೆಯಿಂದ ಒಡಲ ಉರಿ ಆರುತ್ತಾ?

ಆಮೇಲೆ ಮಕ್ಕಳು ದೊಡ್ಡೋರಾದ್ರು, ಇನ್ನಾಸಮ್ಮನ ಕೂದಲು ಹತ್ತಿಯಾಯ್ತು, ಕೈ ನಡುಗೋಕೆ ಶುರುವಾಯ್ತು. ಒಂದು ಕ್ರಿಸ್‌ಮಸ್ ಹಿಂದಿನ ದಿನ, ಅರ್ಧ ತಲೆ ನರೆತ ಹೆಂಗಸೊಬ್ಬಳು ಬಂದು ಜಗಲೀಲಿ ನಿಂತಳಂತೆ. ಕಣ್ಣು ಮಂಜಾಗಿದ್ರೂ ಇನ್ನಾಸಮ್ಮನಿಗೆ ಆ ನಿಲುವು ಗೊತ್ತಾಯ್ತು. ಬಾ, ಒಳಗೆ ಬಾ, ಒಳಗೆ ಬಾ ನನ್ನವ್ವ ಅಂತ ಕೈ ಹಿಡಿದು ಒಲೆ ಮುಂದೆ ಕೂರಿಸಿದಳು. ಜಾಡಿ ತೆಗೆದಳು, ಆದ್ರೆ ಎಲೆ ಮೇಲೆ ತಟ್ಟೋಕೆ ಬೆರಳೇ ಆಡಲಿಲ್ಲ. ಚಿಕ್ಕತಾಯಿಯೇ ಸೆರಗು ಸಿಕ್ಕಿಸಿ, ತಟ್ಟಿ, ಕರಿದು ತೆಗೆದಳಂತೆ. ಇನ್ನಾಸಮ್ಮ ಮೊದಲನೇ ಕಜ್ಜಾಯ ಮುರಿದು, ನಡುಗೋ ಕೈಯಿಂದ ಅವಳ ಬಾಯಿಗಿಟ್ಟಳು.

ಚಿಕ್ಕತಾಯಿ ಸಾವಕಾಶವಾಗಿ ಅಗಿದಳು, ಅರ್ಧ ಹಲ್ಲು ಹೋಗಿತ್ತು ಪಾಪ. ಒಂದು ತುಂಡಿಗೇ ಸಾಕು ಅಂದಳು. ಅಯ್ಯೋ, ಇನ್ನೊಂದು ತಿನ್ನೇ ಅಂತ ಇನ್ನಾಸಮ್ಮ ಅಂಗಲಾಚಿದಳು. ಅದಕ್ಕೆ ಅವಳು, ಅವ್ವಾ, ಆಗ ನನಗೆ ಹಸಿವಿತ್ತು, ಈಗ ನಿನ್ನ ಆಸೆಗೆ ತಿಂದೆ ಕಣವ್ವಾ ಅಂದು, ಆಯಮ್ಮನ ತೊಡೆ ಮೇಲೆ ತಲೆ ಇಟ್ಟಳಂತೆ.

ಹಬ್ಬ ಮುಗಿಯೋವರೆಗೂ ಅವಳು ಆ ಮನೇಲೇ ಇದ್ದಳಂತೆ, ಜಗಲೀಲಿ ಅಲ್ಲ, ಒಳಗೇ. ಒಲೆ ಆರಿತು, ಕಡಾಯಿ ಇಳೀತು, ಕತೆಯೂ ಮುಗೀತು. ಹೂಂ ಅನ್ನೋದು ಯಾವಾಗ ನಿಲ್ಲಿಸಿದ್ಯೋ ಕಳ್ಳ? ಮಲಕ್ಕೋ, ಜಾಡೀಲಿ ಹಿಟ್ಟೈತೆ, ದಿನಾ ಜಗಲೀಲೇ ನಿಲ್ತಾನಲ್ಲ ನಿನ್ನ ಗೆಳೆಯ, ನಾಳೆ ಅವನನ್ನ ಒಳಗೇ ಕರ್ಕೊಂಬಾ.